ಮೂರು ತಿಂಗಳ ಚೀಟಿಗಳು

“ಸರ್, ಇಷ್ಟೆಲ್ಲಾ ಚೀಟಿ ಯಾಕ ಬರದೀರಿ?”

ಚೀಟಿಗಳನ್ನು ಕಂತೆ ಕಟ್ಟಲು ನಾನು ಕೇಳಿದ್ದ ನೂಲನ್ನು ಬನಹಟ್ಟಿಯಿಂದ ತಂದಿದ್ದ ಸಹೋದ್ಯೋಗಿ ಸಂಗೀತಾ ಮೇಡಂ ಕೇಳಿದರು. ಜಮಖಂಡಿಯಲ್ಲಿ ಲೇಟೆಕ್ ತಂತ್ರಾಂಶದಿಂದ ಪುಸ್ತಕದ ಪುಟ ಜೋಡಿಸಿದ ಮೊದಲಿಗ ನಾನೇ ಎಂಬ ಕೀರ್ತಿ ನನ್ನದು. ಮೇಡಂಗೆ ಅದನ್ನು ಕಲಿಸಿದವನೂ ನಾನೇ. ನನ್ನ ಗಣಿತ ಪುಸ್ತಕದ ಪದಸೂಚಿಗಾಗಿ ಮೂರು ತಿಂಗಳು ಒಂದೊಂದು ಪದವನ್ನೂ ಅದರ ಪುಟಸಂಖ್ಯೆಯನ್ನೂ ಚೀಟಿಯಲ್ಲಿ ಬರೆದಿದ್ದೆ.

“ಇದಕ್ಕಂತ ಲೇಟೆಕ್ ಜೋಡಿ ಸಣ್ಣ ಸಾಧನ ಬರ್ತೈತ್ರೀ. ಪದಕ್ಕ ಗುರುತು ಹಾಕಿದ್ರ ಆತು.”

ನನ್ನ ಕಂಪ್ಯೂಟರಿನಲ್ಲೇ ಒಂದು ಅಧ್ಯಾಯದ ಪದಗಳಿಗೆ ಗುರುತು ಹಾಕಿ ಗುಂಡಿ ಒತ್ತಿದರು. ಪದಗಳೆಲ್ಲ ಅಕ್ಷರಕ್ರಮದಲ್ಲಿ, ಪುಟಸಂಖ್ಯೆ ಸಮೇತ ಬಂದು ನಿಂತವು. “ಛಲೋ ಆತ್ರಿ” ಎಂದೆ. ಹೊಟ್ಟೆಕಿಚ್ಚಿಗೆ ಅದಕ್ಕಿಂತ ಸಭ್ಯವಾದ ಮಾತು ನನಗೆ ತಿಳಿಯದು.

ಅವರು ಹೋದ ಮೇಲೆ ಆ ಪಟ್ಟಿಯನ್ನು ನನ್ನ ಚೀಟಿಗಳೊಂದಿಗೆ ತಾಳೆ ಹಾಕಿ, ಶ್ರದ್ಧೆಯಿಂದ ತಪ್ಪು ಹುಡುಕಿದೆ. ಎರಡು ಸಿಕ್ಕವು. ಎರಡೂ ನನ್ನ ಚೀಟಿಗಳಲ್ಲೇ ಇದ್ದವು.