ತೆಗಿ ಎಂದರು, ತೆಗೆದಳು

ಭೀಮನಬೀಡಿನ ಕುಮಾರಿಗೆ ಆಗ ಇಪ್ಪತ್ತಾರು. ಕನ್ನಡ ಟೈಪಿಂಗ್ ಪಾಸು ಮಾಡಿ, ಗುಂಡ್ಲುಪೇಟೆಯ ವೃಷಭೇಂದ್ರಪ್ಪನವರ ಪ್ರೆಸ್ಸಿಗೆ ಐದು ವರ್ಷ ಅಕ್ಷರ ಕುಟ್ಟಿದವಳು. ಕೂಲಿಯ ಗುಂಪು ಬಿಟ್ಟು ಕುರ್ಚಿಯಲ್ಲಿ ಕೂತವಳು ಅವಳ ಮನೆಯಲ್ಲಿ ಅವಳೊಬ್ಬಳೇ. ಆ ಕುರ್ಚಿ ಹೋದರೆ ಮತ್ತೆ ಹೊಲ. ಇದು ಅವಳಿಗೂ ಗೊತ್ತಿತ್ತು, ಯಜಮಾನರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಪ್ರೆಸ್ಸು ಬೀದಿಯ ಆಚೆ. ಧೂಳಿಗೆ ಹಾಳಾಗುತ್ತದೆಂದು ಕಂಪ್ಯೂಟರನ್ನು ಈಚೆ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಹಾಗಾಗಿ ಟೈಪಿನ ಜೊತೆಗೆ ಸೊಪ್ಪು ಬಿಡಿಸುವುದೂ ಕುಮಾರಿಯ ಪಾಲಿಗೇ ಬಂತು. ಟೈಪಾದದ್ದನ್ನು ಫ್ಲಾಪಿಗೆ ತುಂಬಿ, ಸೆರಗಲ್ಲಿ ಮುಚ್ಚಿಕೊಂಡು, ಬೀದಿ ದಾಟಿ ಕೊಟ್ಟು ಬರಬೇಕು. ದಿನಕ್ಕೆ ಇಪ್ಪತ್ತು ಸಲ.

೧೯೯೮ರಲ್ಲಿ ಯಜಮಾನರ ತಂಗಿಯ ಮಗ ಚಂದ್ರಕುಮಾರ ಮೈಸೂರಿನಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದ. ಪ್ರೆಸ್ಸಿನಲ್ಲೊಂದು ದೊಡ್ಡ ಡಿಸ್ಕಿನ ಕಂಪ್ಯೂಟರ್ ಇಟ್ಟು, ಅದನ್ನು ಸರ್ವರ್ ಎಂದು ಕರೆದು, ಟಿವಿ ಕೇಬಲ್ಲಿನಂಥ ಕಪ್ಪು ವೈರನ್ನು ಬೀದಿಯ ಮೇಲಿಂದ ಮನೆಗೆ ಎಳೆದ. ಫೈಲುಗಳೆಲ್ಲ ಇನ್ನು ಸರ್ವರಿನಲ್ಲೇ. ಕುಮಾರಿ ಕೂತಲ್ಲಿಂದಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಕಳಿಸಬಹುದು, ತರಿಸಬಹುದು.

“ಫ್ಲಾಪಿಲೂ ಒಂದು ಕಾಪಿ ಮಡೀಕಳ್ಳಾ ಸಾರ್?” ಎಂದು ಯಜಮಾನರನ್ನು ಕೇಳಿದಳು.

“ಯಾಕಮ್ಮಿ, ವೈರ್ ಎಳ್ಸಿರದು ಬಟ್ಟೆ ಒಣಾಕಕ್ಕಾ?”

ಫ್ಲಾಪಿಗಳೆಲ್ಲ ಖಾಲಿಯಾದವು.

ನಮ್ಮ ಕಡೆ ಬಾಗಿಲು ತೆರೆಯುವುದಕ್ಕೂ ತೆಗಿ ಎನ್ನುತ್ತೇವೆ, ಕಸ ಎತ್ತಿ ಬಿಸಾಡುವುದಕ್ಕೂ ತೆಗಿ ಎನ್ನುತ್ತೇವೆ. ಕಂಪ್ಯೂಟರಿನ ಮುಂದೆ ನಿಂತ ಯಜಮಾನರಿಗೆ ಗೊತ್ತಿದ್ದದ್ದು ಅದೊಂದೇ ಮಾತು.

ಒಂದು ಬೆಳಿಗ್ಗೆ ಸರ್ವರಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸಲು ಕೂರಿಸಿದರು. “ಆ ಲಗ್ನಪತ್ರಿಕೆ ತೆಗಿ. ಆ ಕರಪತ್ರ ತೆಗಿ.” ಅವಳು ಅಳಿಸುತ್ತ ಹೋದಳು. ಅಷ್ಟರಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಸಿದ್ದಮಲ್ಲಪ್ಪನವರು ಒಳಗೆ ಬಂದರು. ಅವರ ಶಾಲೆಯ ಸ್ಮರಣ ಸಂಚಿಕೆ, ಇನ್ನೂರ ನಲವತ್ತು ಪುಟ, ಕುಮಾರಿಯ ನಾಲ್ಕು ತಿಂಗಳ ದುಡಿಮೆ, ಅದೇ ಸರ್ವರಿನಲ್ಲಿತ್ತು. ವೈರಿನ ವೇಗ ತೋರಿಸಲು ಯಜಮಾನರಿಗೆ ಹುಮ್ಮಸ್ಸು.

“ಸಂಚಿಕೆ ತೆಗಿಯಮ್ಮಿ.”

ಅವಳ ಕೈ ನಿಂತಿತು. “ಪೂರ್ತಿ ತೆಗೀಲಾ ಸಾರ್?”

“ಪೂರ್ತಿ ತೆಗಿ! ಕಿವಿ ಮಂದವಾ? ದೊಡ್ಡವ್ರು ನಿಂತವ್ರೆ.”

ತೆಗೆದಳು. ವೈರು ತನ್ನ ವೇಗವನ್ನು ತೋರಿಸಿಯೇಬಿಟ್ಟಿತು.

ಚಂದ್ರಕುಮಾರ ಓಡಿಬಂದು ನೋಡಿದ. “ಸರ್ವರಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಬೀಳಲ್ಲ ಮಾವ. ಹೋದ್ರೆ ಹೋಯ್ತು.” ಇದನ್ನು ಆ ಮಹಾಶಯ ಅವಳಿಗೆ ಮೊದಲು ಹೇಳಿರಲಿಲ್ಲ. ಆಗಲೂ, ಹೇಳಿರಲಿಲ್ಲ ಎಂದು ಒಪ್ಪಲಿಲ್ಲ.

“ನೀವೇ ತೆಗಿ ಅಂದ್ರಿ ಸಾರ್. ಮೇಷ್ಟ್ರು ಕೇಳುಸ್ಕಂಡವ್ರೆ,” ಎಂದಳು ಕುಮಾರಿ.

ಮೂವತ್ತು ವರ್ಷ ಕನ್ನಡ ವ್ಯಾಕರಣ ಪಾಠ ಮಾಡಿದ ಸಿದ್ದಮಲ್ಲಪ್ಪನವರು ಕನ್ನಡಕ ಒರೆಸಿಕೊಂಡರು. “ಹೆಣ್ಮಕ್ಕಳ ಕೈಗೆ ಮಿಷನ್ ಕೊಟ್ರೆ ಹಿಂಗೇಯ,” ಎಂದರು.

“ಪ್ರೂಫ್ ನೋಡ್ಕಂಡು ಇನ್ನೊಂದ್ಸಲ ಟೈಪ್ ಮಾಡ್ಕೊಡು, ಕೆಲ್ಸ ಉಳ್ಕತದೆ,” ಎಂದರು ಯಜಮಾನರು. ಅವಳು ನಂಬಿದಳು. ನಂಬದೆ ಇನ್ನೇನು ಮಾಡಿಯಾಳು? ಹತ್ತೊಂಬತ್ತು ದಿನ ಕುಟ್ಟಿದಳು. ಬೆರಳು ಊದಿಕೊಂಡಾಗ ಬಟ್ಟೆ ಸುತ್ತಿಕೊಂಡು ಕುಟ್ಟಿದಳು. ಇನ್ನೂರ ನಲವತ್ತನೇ ಪುಟ ಮುಗಿದ ಮಧ್ಯಾಹ್ನ ಯಜಮಾನರು ಒಂದು ಸಣ್ಣ ಕೆಲಸ ಕೊಟ್ಟರು: ಗೋಡೆಗೆ ಅಂಟಿಸಲು ಒಂದು ಸೂಚನೆ. ಕಂಪ್ಯೂಟರಿನಲ್ಲಿ ಯಾರೂ ತೆಗಿ ಎನ್ನಬಾರದು. ಓಪನ್ ಅಥವಾ ಡಿಲೀಟ್ ಎಂದೇ ಹೇಳತಕ್ಕದ್ದು.

ತಪ್ಪು ಯಾರದೆಂದು ಹೇಳುವ ಆ ಕಾಗದವನ್ನು ಅವಳ ಕೈಯಿಂದಲೇ ಟೈಪ್ ಮಾಡಿಸಿ, ಅವಳಿಂದಲೇ ಗೋಡೆಗೆ ಹಚ್ಚಿಸಿ, “ನಾಳೆಯಿಂದ ಬರಬ್ಯಾಡ ಓಗಮ್ಮಿ,” ಎಂದರು.

“ಓಗು ಅನ್ನದ್ಕೆ ಒಂದೇ ಅರ್ಥ ಅಲ್ವಾ ಸಾರ್?” ಎಂದಳಂತೆ.

ಚಾಮರಾಜನಗರದ ಎರಡು ಪ್ರೆಸ್ಸುಗಳಲ್ಲಿ ಕೆಲಸ ಕೇಳಿದಳು. ಸುದ್ದಿ ಅವಳಿಗಿಂತ ಮೊದಲೇ ಬಸ್ಸು ಹತ್ತಿತ್ತು. ಒಂದರಲ್ಲಿ ನಕ್ಕರು, ಇನ್ನೊಂದರಲ್ಲಿ ಕೂರಲೂ ಹೇಳಲಿಲ್ಲ. ಈಗ ಅರಿಶಿನ ಕೀಳುವ ಗುಂಪಿನಲ್ಲಿದ್ದಾಳೆ. ನಿಧಾನ ಎಂದು ಮೇಸ್ತ್ರಿ ಬೈಯುತ್ತಾನೆ. ಆ ಬೆರಳುಗಳು ಪೂರ್ತಿ ಮಡಚುವುದಿಲ್ಲ.