ಜೇಜಿ ಸಿರುಗುಪ್ಪಕ್ಕೆ ಹೋದದ್ದು

ಮರಿಬಸಪ್ಪನ ಬಸ್ಸಿನಲ್ಲಿ ಮಕ್ಕಳು ಅಳುತ್ತಿರಲಿಲ್ಲ. ಬಳ್ಳಾರಿಯಿಂದ ಕುರುಗೋಡು ಬಳಸಿ ಸಿರುಗುಪ್ಪಕ್ಕೆ ಹೋಗುವ ಆ ಖಾಸಗಿ ಬಸ್ಸಿಗೆ ಅವನು ಹನ್ನೊಂದು ವರ್ಷದಿಂದ ಕಂಡಕ್ಟರು. ಯಾವುದಾದರೂ ಕೂಸು ರಾಗ ತೆಗೆದರೆ ಸಾಕು, ಜನರ ನಡುವೆ ನುಸುಳಿ ಬಂದು, ಟಿಕೆಟ್ಟಿಗೆ ತೂತು ಹಾಕುವ ಪಂಚನ್ನು ಅದರ ಕಿವಿಯ ಹತ್ತಿರ ಹಿಡಿದು ಕಟಕಟ ಅನ್ನಿಸುತ್ತಿದ್ದ.

"ಬಾಯಿ ಮುಚ್ಚತೀಯೋ, ಕಿವಿಗೆ ತೂತು ಹಾಕ್ಲೋ?"

ಕೂಸು ಉಸಿರು ಒಳಗೆಳೆದುಕೊಂಡು ತಾಯಿಯ ಸೆರಗಿನಲ್ಲಿ ಅಡಗುತ್ತಿತ್ತು. ಹೆದರಿಕೆಗೆ ತಾಯಿಯ ಸೀರೆ ಒದ್ದೆಯಾದರೆ ಅದಕ್ಕೆ ಕಂಡಕ್ಟರು ಜವಾಬ್ದಾರನಲ್ಲ. "ಮಕ್ಕಳ ಮನಸು ಹಸಿ ಮಣ್ಣಿದ್ದಂಗ್ರಿ, ಹೆಂಗ ತಟ್ಟಿದ್ರ ಹಂಗ ಆಗ್ತಾವ" ಎಂದು ಮುಂದಿನ ಸೀಟಿನ ಹೆಂಗಸರಿಗೆ ಅವನು ಬುದ್ಧಿ ಹೇಳುತ್ತಿದ್ದ. ಮಣ್ಣು ಮನಸು ಎಲ್ಲ ಮಾತಿಗೆ. ಅವನ ನಂಬಿಕೆಯೆಲ್ಲ ತಟ್ಟುವುದರ ಮೇಲೆ.

ಕೌಲ್ ಬಜಾರಿನ ಸಂದಿಯಲ್ಲಿದ್ದ ಅವನ ಮನೆಯಲ್ಲಿ ಈ ವಿದ್ಯೆಯ ಫಲ ಎದ್ದು ಕಾಣುತ್ತಿತ್ತು. ಅಪ್ಪ ಮನೆಗೆ ಬಂದನೆಂದರೆ ಎಂಟು ವರ್ಷದ ಒಬ್ಬಳೇ ಮಗಳು ಚನ್ನವೀರಮ್ಮ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದಳು. ಅದನ್ನು ಅವನು ಶಿಸ್ತು ಎಂದು ಕರೆಯುತ್ತಿದ್ದ. ಹೆಂಡತಿ ದಾಕ್ಷಾಯಣಮ್ಮ ಅದಕ್ಕೆ ಬೇರೆ ಹೆಸರಿಟ್ಟಿದ್ದಳು; ಗಂಡನ ಎದುರು ಹೇಳುತ್ತಿರಲಿಲ್ಲ, ಅಷ್ಟೆ.

ಚನ್ನಿ ಬಾಯಿ ಬಿಡುತ್ತಿದ್ದದ್ದು ಒಬ್ಬರ ಹತ್ತಿರ ಮಾತ್ರ. ಕುರುಗೋಡಿನಲ್ಲಿದ್ದ ಮರಿಬಸಪ್ಪನ ತಾಯಿ ವೀರಭದ್ರಮ್ಮ, ಚನ್ನಿಯ ಪಾಲಿನ ಜೇಜಿ. ರಜೆ ಬಂತೆಂದರೆ ಅಲ್ಲಿಗೆ. ಜೇಜಿಯ ಎದುರು ಅವಳು ಅಳುತ್ತಿದ್ದಳು, ಜಗಳ ತೆಗೆಯುತ್ತಿದ್ದಳು, ಅಪ್ಪನ ಹಾಗೆ ಕಣ್ಣು ಮೇಲೆ ಮಾಡಿ ಅಣಕಿಸುತ್ತಿದ್ದಳು. ಮುದುಕಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಎಪ್ಪತ್ತನಾಲ್ಕನೆಯ ಇಸವಿ ಸಂಕ್ರಾಂತಿ ಕಳೆದ ವಾರಕ್ಕೆ ಆ ಮುದುಕಿ ಸತ್ತಳು. ಗಂಡ ಹೆಂಡತಿ ಹುಡುಗಿಯನ್ನು ಪಕ್ಕದ ಮನೆಯ ಗುಲ್ಜಾರಬೀ ಹತ್ತಿರ ಬಿಟ್ಟು ಹೋಗಿ ಮಣ್ಣು ಮಾಡಿ ಬಂದರು. ದಾರಿಯಲ್ಲಿ ದಾಕ್ಷಾಯಣಮ್ಮ, "ಕೂಸಿಗೆ ಹೇಳಬೇಕ್ರಿ" ಎಂದಳು.

"ಏನ್ ಹೇಳ್ತಿ? ಎಳೀ ಮನಸು, ಒಡದು ಹೋಗ್ತೈತಿ" ಎಂದ ಮರಿಬಸಪ್ಪ. ಊರ ಮಕ್ಕಳ ಕಿವಿಗೆ ಪಂಚು ಹಿಡಿದವನಿಗೆ ಎಳೆ ಮನಸ್ಸಿನ ನೆನಪಾದದ್ದು ಅವತ್ತೇ. ಮನೆಗೆ ಬಂದು ಮಗಳಿಗೆ, "ಜೇಜಿ ಸಿರುಗುಪ್ಪಕ್ಕ ಹೋಗ್ಯಾಳ, ನಿಮ್ಮತ್ತಿ ಮನಿಗೆ" ಎಂದ. ಹೆಂಡತಿಗೂ ಗುಲ್ಜಾರಬೀಗೂ ಬಾಯಿ ಬಿಡಬಾರದೆಂದು ತಾಕೀತು ಮಾಡಿದ.

ಸುಳ್ಳನ್ನು ಹುಟ್ಟಿಸಿದರೆ ಸಾಲದು, ದಿನಾ ಮೇವು ಹಾಕಬೇಕು. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಚನ್ನಿ ಕೇಳುತ್ತಿದ್ದಳು, "ಇವತ್ತು ಜೇಜಿ ಬಸ್ ಹತ್ತಿದಳಾ?"

"ಇಲ್ಲ, ರಶ್ ಇತ್ತು."

ಮರುದಿನ ಜೇಜಿಗೆ ಮೊಣಕಾಲು ನೋವು. ಅದರ ಮರುದಿನ ಅತ್ತೆಯ ಮನೆಯಲ್ಲಿ ಭತ್ತದ ಸುಗ್ಗಿ. ತನ್ನ ಜಾಣತನಕ್ಕೆ ತಾನೇ ಮರುಳಾಗಿ ಒಂದು ದಿನ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಮಿಠಾಯಿ ಕಟ್ಟಿಸಿಕೊಂಡು ಬಂದ. "ತಗೋ, ಜೇಜಿ ಕೊಟ್ಟು ಕಳಿಸ್ಯಾಳ."

ಹುಡುಗಿ ಪೊಟ್ಟಣವನ್ನು ಬಿಚ್ಚಿ ನೋಡಿದಳು. "ಜೇಜಿ ಮಿಠಾಯಿ ಕೊಡಂಗಿಲ್ಲ. ಹಲ್ಲು ಹುಳುಕ ಆಗ್ತಾವಂತಾಳ."

"ಸಿರುಗುಪ್ಪದಾಗ ಕೊಡ್ತಾಳ" ಎಂದ ಅಪ್ಪ.

ಅಂದಿನಿಂದ ಚನ್ನಿ ಕೇಳುವುದನ್ನು ಬಿಟ್ಟಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿತು. ಮೂರನೆಯ ವರ್ಷಕ್ಕೇ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಹಾಸಿಗೆಗೆ ಬೈಗುಳದ ಮದ್ದು ನಡೆಯಿತು. ಮೌನವನ್ನು ಮಾತ್ರ ಮರಿಬಸಪ್ಪ ತನ್ನ ಗೆಲುವೆಂದೇ ಎಣಿಸಿದ. "ಮರತಳು ನೋಡು. ಮಕ್ಕಳು ಹಿಂಗ" ಎಂದು ಹೆಂಡತಿಗೆ ಪಾಠ ಹೇಳಿದ.

ಏಪ್ರಿಲ್ ತಿಂಗಳ ಒಂದು ಸೋಮವಾರ ಶಾಲೆಗೆಂದು ಹೊರಟ ಚನ್ನಿ ಬಸ್ ಸ್ಟ್ಯಾಂಡಿಗೆ ಬಂದಳು. ಹೆಂಗಸರ ಗುಂಪಿನೊಂದಿಗೆ ಅಪ್ಪನ ಬಸ್ಸನ್ನೇ ಹತ್ತಿದಳು. ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ಎರಡು ಜಡೆಯ ತಲೆಯೊಂದು ಅಡ್ಡ ಬಂದದ್ದನ್ನು ಕಂಡು ಮರಿಬಸಪ್ಪ, "ಏ ಹುಡುಗಿ, ಒಳಗ ಸರಿ" ಎಂದು ಅದನ್ನು ದಬ್ಬಿದ. ಯಾರ ತಲೆ ಎಂದು ನೋಡಲಿಲ್ಲ. ಅತ್ತಿದ್ದರೆ ನೋಡುತ್ತಿದ್ದನೋ ಏನೋ. ಯಾರದೋ ಮಗು ಎಂದು ಎಲ್ಲರೂ ತಿಳಿದರು. ಸಿರುಗುಪ್ಪದವರೆಗೆ ಹುಡುಗಿ ತುಟಿ ಎರಡು ಮಾಡಲಿಲ್ಲ.

ಸಿರುಗುಪ್ಪದಲ್ಲಿ ಬಸ್ಸು ಎರಡು ತಾಸು ನಿಲ್ಲುತ್ತಿತ್ತು. ಮರಿಬಸಪ್ಪ ಚಹಾದ ಅಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತು ಬಸಿ ತಟ್ಟೆಗೆ ಚಹಾ ಸುರಿದುಕೊಳ್ಳುತ್ತಿದ್ದಾಗ ಅವನ ಅಕ್ಕ ಅಕ್ಕನಾಗಮ್ಮ ಚನ್ನಿಯ ಕೈ ಹಿಡಿದುಕೊಂಡು ಬಂದಳು. ದೂರದಿಂದಲೇ ದನಿ ತೆಗೆದಳು.

"ಲೇ ಮರಿಬಸಾ! ಅವ್ವನ ಮಣ್ಣು ಮಾಡಿ ಮೂರು ತಿಂಗಳಾತು. ಅಕಿನ್ನ ನನ್ನ ಮನ್ಯಾಗ ಯಾವ ಮೂಲ್ಯಾಗ ಇಟ್ಟೀಯಪ್ಪ, ತೋರಿಸು ಬಾ! ಮನಿ ಕೇಳಕೋಂತ ಬಂದು ಅಡಿಗಿ ಮನಿ, ದನದ ಕೊಟ್ಟಿಗಿ, ಎಲ್ಲಾ ಹುಡುಕಿತು ಈ ಕೂಸು."

"ಇಕಿ... ಇಲ್ಲಿಗೆ ಹೆಂಗ ಬಂದ್ಳು?"

"ನಿನ್ನ ಬಸ್ಸಿನಾಗ! ನೀನ ತಲಿ ದಬ್ಬಿ ಒಳಗ ಕಳಿಸಿದ್ಯಂತಲ್ಲ."

ಅಂಗಡಿಯವರು ನಕ್ಕರು. ಶಾಲೆ ತಪ್ಪಿಸಿದ್ದಕ್ಕೆ ಕೈ ಎತ್ತಲು ಹೋದವನು ಅಕ್ಕನ ಮುಖ ನೋಡಿ ಇಳಿಸಿದ. ಚನ್ನಿ ಅಪ್ಪನನ್ನು ನೆಟ್ಟಗೆ ನೋಡಿ ಕೇಳಿದಳು, "ಜೇಜಿ ಸತ್ತಾಳಂತ. ಹೌದಾ?"

ಪ್ರಯಾಣಿಕರ ಪ್ರತಿ ಪ್ರಶ್ನೆಗೂ ನಾಲಿಗೆಯ ತುದಿಯಲ್ಲಿ ಉತ್ತರ ಇಟ್ಟುಕೊಂಡಿದ್ದ ಮನುಷ್ಯ, "ಬಸ್ಸಿಗೆ ಟೈಮಾತು, ಹತ್ತು" ಎಂದ. ಟೈಮಿಗೆ ಇನ್ನೂ ಮುಕ್ಕಾಲು ತಾಸಿತ್ತು.

ಬಸ್ಸು ಊರು ದಾಟುತ್ತಿದ್ದಂತೆ ಹುಡುಗಿಗೆ ಅಳು ಬಂತು. ಮೂರು ತಿಂಗಳ ಅಳು. ಎಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಹಿಂದೊಮ್ಮೆ ಮಗನಿಗೂ ಪಂಚಿನ ಮರ್ಯಾದೆ ಆಗಿದ್ದ ಹಿಂದಿನ ಸೀಟಿನ ಹೆಂಗಸೊಬ್ಬಳು ಬಾಯಿಗೆ ಸೆರಗು ಹಿಡಿದು ಕೇಳಿದಳು, "ಯಾಕ್ರಿ ಕಂಡಕ್ಟರ್, ಇವತ್ತು ಪಂಚು ಕೆಟ್ಟೈತೇನ್ರಿ?"

ಮರಿಬಸಪ್ಪ ಮಗಳ ಹತ್ತಿರ ಬಂದ. ಕೈಯಲ್ಲಿ ಪಂಚಿತ್ತು, ಅಭ್ಯಾಸಬಲ. ಚನ್ನಿ ಬಿಕ್ಕುತ್ತಲೇ ಜಡೆಯನ್ನು ಪಕ್ಕಕ್ಕೆ ಸರಿಸಿ ಕಿವಿ ಒಡ್ಡಿದಳು. "ಹಾಕು ತೂತು."

ಡ್ರೈವರ್ ಮಾಬುಸಾಬ್ ಕನ್ನಡಿಯಲ್ಲಿ ನೋಡಿ ಹೇಳಿದ, "ಬಸಪ್ಪಣ್ಣ, ಅಕಿ ಬಾಜೂಕ ಸ್ವಲ್ಪ ಕುಂದ್ರಪ್ಪ. ಟಿಕೆಟ್ ಆಮ್ಯಾಲ ಹರದರಾತು."

ಕುಳಿತ. ಹನ್ನೊಂದು ವರ್ಷದಲ್ಲಿ ಓಡುವ ಬಸ್ಸಿನಲ್ಲಿ ಅವನು ಸೀಟಿನ ಮೇಲೆ ಕುಳಿತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಗಳ ತಲೆಯ ಮೇಲೆ ಒಂದನ್ನು ಇಟ್ಟ, ಚೀಲ ಇಟ್ಟ ಹಾಗೆ.

"ಹೌದವ್ವ. ಸತ್ತಾಳ. ನಾ ಸುಳ್ಳು ಹೇಳಿದೆ."

"ಯಾಕ?"

"ನೀ ಅಳತೀ ಅಂತ."

"ಅತ್ತರ ಏನಾಗತಿತ್ತು?"

ಅವನು ಪಂಚನ್ನು ಚೀಲದೊಳಗೆ ಹಾಕಿದ.

ಕುರುಗೋಡು ಬಂದಾಗ ಅವನು ಸೀಟಿ ಊದಿ ಬಸ್ಸನ್ನು ರುದ್ರಭೂಮಿಯ ಹತ್ತಿರ ನಿಲ್ಲಿಸಿದ. ಮಗಳನ್ನು ಕರೆದುಕೊಂಡು ಇಳಿದ. ಮದುವೆಯ ಮಾತುಕತೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಎಲ್ಲರೂ ಬೈದರು. ಮಾಬುಸಾಬ್ ಹಾರನ್ ಮುಟ್ಟಲಿಲ್ಲ. ಬಂಡೆಗುಡ್ಡದ ನೆರಳಿನಲ್ಲಿ ಮಣ್ಣಿನ ದಿಬ್ಬ ಇನ್ನೂ ಇಳಿದಿರಲಿಲ್ಲ. ಜೇಜಿಯ ಮುಖ ಯಾವ ಕಡೆಗಿದೆ ಎಂದು ಚನ್ನಿ ಕೇಳಿದಳು, ಆ ಕಡೆ ಹೋಗಿ ಕುಳಿತಳು. ಮರಿಬಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಅಳಾಕತ್ತೀಯಾ?"

"ಇಲ್ಲ, ಧೂಳು."

"ಮತ್ತ ಸುಳ್ಳು" ಎಂದಳು ಹುಡುಗಿ.

ಬಸ್ಸು ತಡವಾದದ್ದಕ್ಕೆ ಮಾಲೀಕ ಅವನನ್ನು ಎಂಟು ದಿನ ಮನೆಯಲ್ಲಿ ಕೂರಿಸಿದ. ಆ ಎಂಟು ದಿನ ಮಗಳು ಅವನಿಗೆ ಪರೀಕ್ಷೆ ಇಟ್ಟಳು. ಜೇಜಿಗೆ ಯಾವ ಸೀರೆ ಉಡಿಸಿದಿರಿ? ನೀರು ಯಾರು ಬಿಟ್ಟರು? ಕೊನೆಗೆ, "ನನ್ನ ಕೇಳಿದಳಾ?"

ಕೇಳಿದ್ದಳು. ಸಾಯುವ ನಾಲ್ಕು ದಿನ ಮೊದಲು, ಕೂಸನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದಳು. ಶಾಲೆ ತಪ್ಪುತ್ತದೆ ಎಂದು ಮರಿಬಸಪ್ಪ ಕರೆದೊಯ್ಯಲಿಲ್ಲ. ಒಂದು ಗಳಿಗೆ ಸಿರುಗುಪ್ಪದಂಥ ಇನ್ನೊಂದು ಊರು ಅವನ ಬಾಯಿಗೆ ಬಂದಿತ್ತು. ನುಂಗಿಕೊಂಡು ಇದ್ದದ್ದನ್ನು ಹೇಳಿದ. ಚನ್ನಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ನಿಜ ಹೇಳಿದರೆ ಇದೇ ಗತಿ ಎಂದು ಅವನು ಹೆಂಡತಿಯ ಹತ್ತಿರ ಗೊಣಗಿದ. ಮೂರನೆಯ ದಿನ ಹುಡುಗಿ ಬಂದು ಅವನ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡಳು, ಪೂರಾ ಎರಡು ರೊಟ್ಟಿ. ಹಾಸಿಗೆ ಒಣಗಿಯೇ ಇರತೊಡಗಿತು.

ಇಷ್ಟಕ್ಕೆ ನಿಂತಿದ್ದರೆ ಅವನು ಮರಿಬಸಪ್ಪ ಹೇಗಾದಾನು? ಮಕ್ಕಳಿಗೆ ನಿಜ ಹೇಳಬೇಕೆಂಬುದು ಜಗತ್ತಿನಲ್ಲಿ ತನಗೇ ಮೊದಲು ಹೊಳೆದದ್ದು ಎಂಬಂತೆ ಓಣಿಯಲ್ಲಿ ಉಪದೇಶ ಶುರುಮಾಡಿದ. ಗುಲ್ಜಾರಬೀಯ ನಾಲ್ಕು ವರ್ಷದ ಮೊಮ್ಮಗಳು ಒಂದು ಕೋಳಿ ಸಾಕಿದ್ದಳು. ಅದು ಕಾಣೆಯಾದ ದಿನ ಕೂಸು ಅವನ ಮೆಟ್ಟಿಲ ಹತ್ತಿರ ಬಂದು, "ಮಾಮಾ, ನಮ್ಮ ಕೋಳಿ ನೋಡೀಯಾ?" ಎಂದಿತು. ಮರಿಬಸಪ್ಪ ಅದನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೆಕ್ಕು ಎಲ್ಲಿಂದ ಹಾರಿತು, ಕುತ್ತಿಗೆ ಹೇಗೆ ಹಿಡಿಯಿತು, ಗರಿ ಎಲ್ಲೆಲ್ಲಿ ಬಿದ್ದಿವೆ, ಒಂದೂ ಬಿಡದೆ ವಿವರಿಸಿದ.

ಕೂಸಿನ ಚೀರಾಟಕ್ಕೆ ಗುಲ್ಜಾರಬೀ ಪೊರಕೆ ಹಿಡಿದೇ ಹೊರಬಂದಳು. "ಅಲ್ಲಾ! ಈ ಮನಿಷ್ಯಾಗ ನಡುವಿನ ದಾರಿ ಅಂಬೋದ ಇಲ್ಲೇನ್ರಿ?"

"ನಿಜ ಹೇಳಿದ್ನಲ್ಲ ಬೀ..." ಎಂದು ಅವನು ಒಳಗೆ ಜಾರುವುದರಲ್ಲಿದ್ದ. ಅಷ್ಟರಲ್ಲಿ ಚನ್ನಿ ಬಂದಳು. "ನೀ ಒಳಗ ಹೋಗಪ್ಪ" ಎಂದು ಅಪ್ಪನನ್ನು ಕಳಿಸಿ, ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಮೆಟ್ಟಿಲ ಮೇಲೆ ಕುಳಿತಳು. "ಏನಂತಿದ್ದಿ ನಿಮ್ಮ ಕೋಳಿಗೆ? ಹೆಸರೇನು?" ಎಂದು ಕೇಳಿದಳು. ಕೂಸು ಅಳುತ್ತಲೇ ಹೆಸರು ಹೇಳಿತು.

ಕದದ ಹಿಂದೆ ನಿಂತು ಮರಿಬಸಪ್ಪ ಕಿವಿಗೊಟ್ಟ. ಮಗಳು ಇನ್ನೇನು ಹೇಳಿ ಸಮಾಧಾನ ಮಾಡುತ್ತಾಳೋ ಎಂದು ಬಹಳ ಹೊತ್ತು ಕಾದ. ಕೂಸು ಅಳುತ್ತಲೇ ಇತ್ತು; ಅವಳು ಅಳಲು ಬಿಟ್ಟಿದ್ದಳು.