ಚರ್ಚಿನ ಸರಳಿಗೆ ತೊಟ್ಟಿಲು

ಯಾವ ಕಟ್ಟಡದೊಳಗೆ ಕಾಲಿಟ್ಟರೂ ಅಂಕಲ್ ಮೊದಲು ಕತ್ತೆತ್ತಿ ಛಾವಣಿ ನೋಡುತ್ತಿದ್ದರು. ಕನ್ನಡಕ ಹಣೆಗೇರುತ್ತಿತ್ತು, ಬಾಯಿ ಅರ್ಧ ತೆರೆಯುತ್ತಿತ್ತು. ಎಲೆಗೆ ಹೋಳಿಗೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಅಮೆರಿಕದ ಫೋರ್ಟ್ ಮಿಲ್ ಊರಿನ ಕನ್ನಡಿಗರು ನಾವೆಲ್ಲ ನಗುತ್ತಿದ್ದೆವು. ಅಂಕಲ್ ಧಾರವಾಡದ ಕಡೆಯವರು, ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರ್, ನಮ್ಮ ಪಕ್ಕದ ಮನೆಯವರು. "ಚಂದ ಐತಿ ಅನಬ್ಯಾಡ್ರಿ, ಹೆಂಗ ನಿಂತೈತಿ ಅಂತ ಕೇಳ್ರಿ" ಎನ್ನುವುದು ಅವರ ಮಾತು.

ಮಗಳ ನಾಮಕರಣಕ್ಕೆ ನಾವು ಬಾಡಿಗೆಗೆ ಹಿಡಿದದ್ದು ಹತ್ತಿರದ ಹಳೆಯ ಚರ್ಚು. ವಿಕ್ಟೋರಿಯಾ ರಾಣಿಯ ಕಾಲದ್ದು, ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಹಾಗೆಯೇ ಕಟ್ಟಿದ್ದು. ಕಡಿದಾದ ಮರದ ಛಾವಣಿ, ತುದಿ ಚೂಪಾದ ಕಿಟಕಿಗಳು, ಬಣ್ಣದ ಗಾಜು, ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಹಾದ ಕಬ್ಬಿಣದ ಸರಳುಗಳು. ಪ್ರಾರ್ಥನೆ ಈಗ ಪಕ್ಕದ ಹೊಸ ಕಟ್ಟಡದಲ್ಲಿ. ಇದನ್ನು ಸಮಾರಂಭಗಳಿಗೆ ಕೊಡುತ್ತಿದ್ದರು. ಸರಳು ಕಂಡದ್ದೇ ಮೈಸೂರಿನಿಂದ ಬಂದಿದ್ದ ಅತ್ತೆಗೆ ಖುಷಿಯೋ ಖುಷಿ.

"ತೊಟ್ಟಿಲು ಕಟ್ಟೋಕೇ ಮಾಡಿಟ್ಟಂಗಿದೆ ಕಣೆ!"

ನನ್ನ ಗಂಡ ಏಣಿ ಹತ್ತಿ ಹಗ್ಗ ಬಿಗಿದರು. ನಾನು ಮಗುವನ್ನು ಮಲಗಿಸಲು ಬಾಗಿದ್ದೆ. ಆಗ ಬಂದ ಅಂಕಲ್ ಎಂದಿನಂತೆ ಮೇಲೆ ನೋಡಿದರು. ಮುಖ ಬಿಳಿಚಿಕೊಂಡಿತು.

"ಬ್ಯಾಡವಾ, ಕೂಸಿನ್ನ ಎತ್ಕೋ! ಅದು ಭಾರ ಹೊರೋ ಸರಳಲ್ಲ, ಗೋಡಿ ಹಿಡಿಯೋದು. ಛಾವಣಿ ಎರಡೂ ಗೋಡಿ ಹೊರಗ ದಬ್ಬತೈತಿ, ಇದು ಒಳಗ ಜಗ್ಗಿ ಹಿಡದಿರತೈತಿ. ಬಿಗಿ ಇರಬೇಕಾದ್ದು ಜೋತು ಬಿದ್ದೈತಿ ನೋಡು. ಎಲ್ಲಾರೂ ಹೊರಗ ನಡೀರಿ."

ಹೊರಗೆ ಎಂದರೆ ಚರ್ಚಿನ ಸ್ಮಶಾನ. ಅತ್ತೆ ಕೆರಳಿದರು. "ಗೋರಿಗಳ ಮಧ್ಯೆ ಹೆಸರಿಡೋದಾ? ಇಷ್ಟು ವರ್ಷ ನಿಂತಿರೋದು ಇವತ್ತೇ ಬೀಳತ್ತಾ?"

"ಅಂಕಲ್, ಆರ್ ಯು ಶ್ಯೂರ್? ಮುಹೂರ್ತ ಮಿಸ್ ಆಗತ್ತೆ" ಎಂದರು ನನ್ನ ಗಂಡ.

"ಆಗಲಿ" ಎಂದು ಅಂಕಲ್ ಬಾಗಿಲು ತೆರೆದು ನಿಂತರು. ಛಾವಣಿಯ ಮರ ಕಿರ್ರೆಂದಿತು. ಮಗುವನ್ನು ಅವುಚಿಕೊಂಡು ನಾನೇ ಮೊದಲು ಹೊರಬಿದ್ದೆ.

ಹುಲ್ಲಿನ ಮೇಲೆ ಕೂತು ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆವು. ಚರ್ಚು ಬೀಳಲಿಲ್ಲ. ಬಂದವರು ನಕ್ಕರು, ಅತ್ತೆ ಅಂಕಲ್ ಜೊತೆ ಮಾತು ಬಿಟ್ಟರು. ಆಮೇಲೆ ಮಗು ಸೀನಿದರೂ ನನಗೆ ಆ ಗೋರಿಗಳು ಕಣ್ಣಿಗೆ ಬರುತ್ತಿದ್ದವು. ಯಾಕಾದರೂ ಅವರ ಮಾತು ಕೇಳಿದೆನೋ ಎಂದು ಒಳಗೊಳಗೇ ಬೇಯುತ್ತಿದ್ದೆ.

ಅಂಕಲ್ ಚರ್ಚಿನವರಿಗೂ ಹೇಳಿದ್ದರು. ಅವರು ಪರೀಕ್ಷೆ ಮಾಡಿಸಿದಾಗ ಸರಳಿನ ತುದಿ ಗೋಡೆಯೊಳಗೆ ತುಕ್ಕು ಹಿಡಿದು ಕಿತ್ತುಬರುವಂತಿತ್ತು. ಕಟ್ಟಡ ಮುಚ್ಚಿದರು. ಸುದ್ದಿ ತಿಳಿದು ನಾನು ಅಂಕಲ್ ಮನೆಗೆ ಓಡಿದೆ.

"ನನಗೂ ಖಾತ್ರಿ ಇರಲಿಲ್ಲವಾ" ಎಂದರು ಅಂಕಲ್. "ಕೆಳಗ ನಿಂತು ನೋಡಿದ್ರ ಎಷ್ಟು ತಿಳೀತೈತಿ? ತಪ್ಪಾಗಿದ್ರ ನೀವು ಬೈತಿದ್ರಿ. ಬೈಸ್ಕೋಳಾಕ ಏನು, ಬೈಸ್ಕೋಬಹುದು."

ಕಳೆದ ಚಳಿಗಾಲ ಅಂಕಲ್ ತೀರಿಕೊಂಡರು. ಮೈಸೂರಿನಿಂದ ಅತ್ತೆ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತರು. "ಅಜ್ಜ ಮತ್ತೆ ಬರಲ್ವಾ, ಅಮ್ಮಾ? ನೆವರ್?" ಎಂದು ಮಗಳು ಕೇಳಿದಳು. ಎತ್ತಿಕೊಳ್ಳಲಾಗದಷ್ಟು ಬೆಳೆದಿದ್ದಾಳೆ, ಆದರೂ ಎತ್ತಿಕೊಂಡೆ.